ಇಂಟರ್‌ಸೆಪ್ಟರ್ 650ಗೆ ಟರ್ಬೊ: ಪವರ್ ಬಂತು, ಜೊತೆಗೆ ಕೆಲಸವೂ ಬಂತು

ನನ್ನ ಗಾಡಿಗೆ ಟರ್ಬೊ ಕಿಟ್ ಹಾಕಿಸಿದ್ದೇನೆ. ಟರ್ಬೊ ಅಂದರೆ ಎಂಜಿನ್ ಬಿಡುವ ಹೊಗೆಯ ಬಲದಲ್ಲೇ ತಿರುಗಿ ಎಂಜಿನ್ ಒಳಗೆ ಹೆಚ್ಚು ಗಾಳಿ ತುರುಕುವ ಸಾಧನ. ಮೊದಲೇ ಹೇಳಿಬಿಡುತ್ತೇನೆ, ಪವರ್ ಬಗ್ಗೆ ನನ್ನ ತಕರಾರಿಲ್ಲ. ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಕಂಪನಿಯಿಂದ ಬರುವಾಗ 47 ಪಿಎಸ್ (ಕುದುರೆ ಶಕ್ತಿ). 5 ಪಿಎಸ್‌ಐ ಬೂಸ್ಟ್‌ನಲ್ಲಿ (ಟರ್ಬೊ ಕೊಡುವ ಹೆಚ್ಚುವರಿ ಗಾಳಿ ಒತ್ತಡ) ಅದರ ಮೂರನೇ ಒಂದು ಭಾಗದಷ್ಟು ಜಾಸ್ತಿ ಸಿಗುತ್ತಿದೆ. ಅದಕ್ಕಿಂತ ಮೇಲೆ ಹೋಗಲು ಎಂಜಿನ್ ಸೆಟ್ಟಿಂಗ್ ಮಾಡಿಕೊಡುವ ಟ್ಯೂನರ್ ಒಪ್ಪಲಿಲ್ಲ. ಒಳಗಿರುವುದು ಕಂಪನಿ ಪಿಸ್ಟನ್ನೇ ಅಲ್ವಾ. ಈ ಎಂಜಿನ್‌ನ ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿಯನ್ನು ಒತ್ತುವ ಪ್ರಮಾಣ) 9.5:1, ಈಗಿನ ಬೈಕ್‌ಗಳ ಲೆಕ್ಕದಲ್ಲಿ ಕಡಿಮೆ. ಅದಕ್ಕೇ ಇಷ್ಟಾದರೂ ತಡೆದುಕೊಳ್ಳುತ್ತದೆ.

ಓಡಿಸಲು ಹೇಗಿದೆ? ಸಕಲೇಶಪುರದ ದಾರಿಯಲ್ಲಿ ಐದನೇ ಗೇರ್‌ನಲ್ಲಿ ಲಾರಿ ಹಿಂದೆ ಇದ್ದೀರಿ ಅಂದುಕೊಳ್ಳಿ. ಆಕ್ಸಿಲರೇಟರ್ ತಿರುಗಿಸಿದ ತಕ್ಷಣ ಏನೂ ಆಗುವುದಿಲ್ಲ. 4000 ಆರ್‌ಪಿಎಂ ದಾಟುತ್ತಿದ್ದಂತೆ ಸಣ್ಣಗೆ ಸೀಟಿ ಶುರುವಾಗುತ್ತದೆ. ಆಮೇಲೆ ಯಾರೋ ಬೆನ್ನಿಗೆ ಕೈಕೊಟ್ಟು ತಳ್ಳಿದ ಹಾಗೆ ಗಾಡಿ ನುಗ್ಗುತ್ತದೆ. ಗೇರ್ ಇಳಿಸುವ ಗೋಜೇ ಇಲ್ಲ. ಕೈ ಸಡಿಲಿಸಿದರೆ ಉಳಿದ ಒತ್ತಡವನ್ನು ಹೊರಬಿಡುವ ಬ್ಲೋ-ಆಫ್ ವಾಲ್ವ್ 'ಪ್ಸ್ಸ್' ಅನ್ನುತ್ತದೆ. ಸಿಗ್ನಲ್‌ನಲ್ಲಿ ಹುಡುಗರು ವಿಚಾರಿಸುವುದು ಆ ಸದ್ದಿನ ಬಗ್ಗೆ ಮಾತ್ರ!

ಅದೇ ಪವರ್ ಮಳೆಯಲ್ಲಿ, ಶಿರಾಡಿ ತಿರುವಿನಲ್ಲಿ, ಗಾಡಿ ಇನ್ನೂ ವಾಲಿರುವಾಗ ತಡವಾಗಿ ಬಂದರೆ ಎದೆ ಧಸಕ್ ಅನ್ನುತ್ತದೆ. 1982ರಲ್ಲಿ ಬಂದ ಹೋಂಡಾ ಸಿಎಕ್ಸ್500 ಟರ್ಬೊ ಮೇಲೂ ಇದೇ ದೂರಿತ್ತು. ಯಮಹಾ, ಸುಜುಕಿ, ಕಾವಾಸಾಕಿ ಕೂಡ ಆಗ ಟರ್ಬೊ ಬೈಕ್ ಮಾಡಿ ಕೆಲವೇ ವರ್ಷಗಳಲ್ಲಿ ಕೈಬಿಟ್ಟವು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಂತೂ ಬೂಸ್ಟ್ ಸಿಗುವುದೇ ಇಲ್ಲ, ಮೊಣಕಾಲಿಗೆ ಬಿಸಿ ಮಾತ್ರ ಸಿಗುತ್ತದೆ.

ನಿಜವಾದ ತಲೆನೋವು ಆಯಿಲ್. ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಅದನ್ನು ಕಾಪಾಡುವುದು ತೆಳ್ಳನೆಯ ಆಯಿಲ್ ಪದರ. ನನ್ನ ಗಾಡಿಯಲ್ಲಿ ಟರ್ಬೊ ಎಂಜಿನ್ ಮುಂದೆ, ತೀರಾ ಕೆಳಗೆ ಕೂತಿದೆ. ಆಯಿಲ್ ತಾನಾಗಿ ವಾಪಸ್ ಹರಿಯುವುದಿಲ್ಲ, ಸಣ್ಣ ಎಲೆಕ್ಟ್ರಿಕ್ ಪಂಪ್ ಎಳೆದುಕೊಡಬೇಕು. ಕಿಟ್ ಜೊತೆ ಬಂದ ಪಂಪ್ ಮೊದಲ ಬೇಸಿಗೆಯಲ್ಲೇ ಕೈಕೊಟ್ಟಿತು. ಆಯಿಲ್ ಸೀಲ್ ದಾಟಿ ಸೈಲೆನ್ಸರ್‌ಗೆ ಇಳಿದು ನೀಲಿ ಹೊಗೆ. ಮಾರಿದವರು ವಾರಂಟಿ ಇಲ್ಲ ಅಂದರು, ಬೇರೆ ಪಂಪ್ ನಾನೇ ಹಾಕಿಸಿದೆ. ಕ್ಲಚ್ಚೂ ಅದೇ ಆಯಿಲ್‌ನಲ್ಲಿ ಮುಳುಗಿರುವುದರಿಂದ ಕಾರಿನ ಟರ್ಬೊ ಆಯಿಲ್ ಸುರಿಯುವ ಹಾಗಿಲ್ಲ, ಕ್ಲಚ್ ಜಾರದಂತೆ ಮಾಡಿದ ಜಾಸೋ ಎಂಎ2 ಗ್ರೇಡ್ ಬೈಕ್ ಆಯಿಲ್ಲೇ ಇರಬೇಕು. 3000 ಕಿಮೀಗೊಮ್ಮೆ ಬದಲಿಸುತ್ತೇನೆ. ಮನೆ ಮುಂದೆ ನಿಂತ ಮೇಲೂ ಒಂದು ನಿಮಿಷ ಐಡ್ಲಿಂಗ್ ಬಿಟ್ಟೇ ಆಫ್ ಮಾಡುವುದು. ಇಲ್ಲದಿದ್ದರೆ ಬೇರಿಂಗ್‌ನಲ್ಲಿ ಆಯಿಲ್ ಕರಕಲಾಗುತ್ತದೆ.

ಗಟ್ಟಿ ಕ್ಲಚ್ ಸ್ಪ್ರಿಂಗ್, ದೊಡ್ಡ ಇಂಜೆಕ್ಟರ್, ಗ್ಯಾಪ್ ಕಡಿಮೆ ಮಾಡಿದ ಪ್ಲಗ್, ಇವೆಲ್ಲಾ ಬೇಕೇ ಬೇಕು. ಪೆಟ್ರೋಲ್ 95 ಆಕ್ಟೇನ್‌ಗಿಂತ ಕಡಿಮೆ ಹಾಕುವುದಿಲ್ಲ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು. ಇಲ್ಲಿ ಟ್ಯೂನ್ ಮಾಡಿಸಿಕೊಂಡು ಮಂಗಳೂರಿಗೆ ಇಳಿದರೆ ಅದೇ 5 ಪಿಎಸ್‌ಐಗೆ ಸಿಲಿಂಡರ್ ಒಳಗೆ ಗಾಳಿ ಜಾಸ್ತಿ ಹೋಗುತ್ತದೆ. ಮೇಲಿಂದ ಕರಾವಳಿಯ ಸೆಕೆ. ಎಂಜಿನ್ ನಾಕ್ ಆಗುವ (ಪೆಟ್ರೋಲ್ ಮಿಶ್ರಣ ಹದ ತಪ್ಪಿ ತಾನಾಗಿ ಸಿಡಿಯುವ) ಅಪಾಯ ಹೆಚ್ಚು. ಟ್ಯೂನರ್‌ಗೆ ಹೇಳಿ ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಸ್ವಲ್ಪ ತಡ ಮಾಡಿಸಿಕೊಳ್ಳಿ. ನಾಲ್ಕು ಕುದುರೆ ಕಡಿಮೆಯಾದರೂ ಪರವಾಗಿಲ್ಲ.

ಕಾನೂನು? ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದಕ್ಕೆ ಅಡ್ಡ ಬರುತ್ತದೆ. ಕಂಪನಿ ಕೊಟ್ಟ ಮೂಲ ಸ್ಪೆಸಿಫಿಕೇಷನ್ ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ದಂಡ ಒಂದೊಂದು ಬದಲಾವಣೆಗೆ 5000 ರೂಪಾಯಿ, ಆರು ತಿಂಗಳವರೆಗೆ ಜೈಲೂ ಆಗಬಹುದು. ಅಪಘಾತವಾದರೆ ಇನ್ಶೂರೆನ್ಸ್‌ನವರು ಕ್ಲೇಮ್ ತಳ್ಳಿಹಾಕಲು ಇಷ್ಟು ಸಾಕು. ನನ್ನದು ಈಗ ಹೆಚ್ಚಾಗಿ ಕೊಯಮತ್ತೂರಿನ ಟ್ರ್ಯಾಕ್‌ಗೆ ಪಿಕಪ್‌ನಲ್ಲಿ ಹೋಗುತ್ತದೆ.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಟ್ರ್ಯಾಕ್ ಗಾಡಿಗಾದರೆ ನಾಲ್ಕು. ದಿನಾ ಆಫೀಸಿಗೆ ಹೋಗುವ ಗಾಡಿಗೆ ಬೇಡವೇ ಬೇಡ. ಹಾಕಿಸಿಯೇ ತೀರುತ್ತೇನೆ ಅನ್ನುವವರು ಹಳೇ ಬೆಂಡ್ ಪೈಪ್, ಸೈಲೆನ್ಸರ್, ಇಂಜೆಕ್ಟರ್ ಎಲ್ಲವನ್ನೂ ಡಬ್ಬಿ ಕಟ್ಟಿ ಅಟ್ಟದ ಮೇಲಿಡಿ. ಗಾಡಿ ಮಾರುವಾಗ ಮೊದಲು ಕೇಳುವುದೇ ಅವನ್ನು.