ಇ-ಸ್ಪೀಕ್ ಎನ್‌ಜಿ, ಜಿಟಿಟಿಎಸ್: ಯಾವುದು ನಿಮಗೆ?

ಟರ್ಮಿನಲ್‌ನಲ್ಲೇ, ಅಂದರೆ ಕಂಪ್ಯೂಟರಿಗೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲೇ, ಪಠ್ಯವನ್ನು ಮಾತಾಗಿಸುವ ಈ ಎರಡೂ ತಂತ್ರಾಂಶಗಳು ಉಚಿತ. ಎರಡಕ್ಕೂ ಕನ್ನಡ ಬರುತ್ತದೆ.

ಜಿಟಿಟಿಎಸ್ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ನೀವು ಕೊಟ್ಟ ಪಠ್ಯವನ್ನು ಗೂಗಲ್ ಟ್ರಾನ್ಸ್‌ಲೇಟ್‌ಗೆ ಕಳಿಸಿ, ಎಂಪಿ3 ತಂದುಕೊಡುತ್ತದೆ. ದನಿ ಕೇಳಲು ಹಿತ. ನೆಟ್ ಇಲ್ಲದಿದ್ದರೆ ಮಾತ್ರ ಕೆಲಸ ಆಗದು. ವೇಗಕ್ಕೆ ಎರಡೇ ಆಯ್ಕೆ: ಮಾಮೂಲಿ, ನಿಧಾನ. ಗುಟ್ಟಿನ ಪಠ್ಯವನ್ನು ಹೊರಗಿನ ಸರ್ವರ್‌ಗೆ ಕಳಿಸೋದು ಬೇಡ, ಅಲ್ವಾ?

ಅಂಥ ಕಡೆ ಇ-ಸ್ಪೀಕ್ ವಾಸಿ. ನೆಟ್ ಬೇಡ, ಜಾಗ ಕೆಲವೇ ಎಂಬಿ, ಮಾತು ತಕ್ಷಣ. ಆಜ್ಞೆಗೆ ಸೇರಿಸುವ ಎಸ್ (-s) ಆಯ್ಕೆಯಲ್ಲಿ ನಿಮಿಷಕ್ಕೆ ಎಷ್ಟು ಪದ ಎಂದು ಹೇಳಬಹುದು, ಹೇಳದಿದ್ದರೆ 175. ಡಬ್ಲ್ಯೂ (-w) ಕೊಟ್ಟರೆ ವೇವ್ ಆಡಿಯೊ ಫೈಲ್ ಸಿಗುತ್ತದೆ. ಇದು ಮನುಷ್ಯರ ದನಿಯ ರೆಕಾರ್ಡಿಂಗ್ ಅಲ್ಲ, ಲೆಕ್ಕದಿಂದ ಹುಟ್ಟಿದ ದನಿ. ಹಾಗಾಗಿ ಯಂತ್ರದ ಹಾಗೆ ಕೇಳಿಸುತ್ತದೆ.

ಸ್ಕ್ರಿಪ್ಟ್ (ತಾನಾಗಿ ಓಡುವ ಆಜ್ಞೆಗಳ ಸರಣಿ) ಮುಗಿದಾಗ ಕೂಗಿ ಹೇಳಲು ನನಗೆ ಇ-ಸ್ಪೀಕೇ ಇಷ್ಟ. ಬೇರೆಯವರಿಗೆ ಕೇಳಿಸುವ ಆಡಿಯೊ ಆದರೆ ಜಿಟಿಟಿಎಸ್ ಹಾಕಿ.