ಆರು ಚೌಕದ ಸ್ಟ್ರಿಪ್ ನಂಬಿ ಟ್ಯಾಂಕಿನ ನೀರು ಬದಲಿಸಬೇಡಿ

ನೂರು ಲೀಟರಿನ ಗೋಲ್ಡ್‌ಫಿಶ್ ಟ್ಯಾಂಕ್. ಮೀನಿಗೂ ಶುದ್ಧ ನೀರೇ ಇರಲಿ ಎಂದು ವರ್ಷವಿಡೀ ಅಡುಗೆಮನೆಯ ಆರ್‌ಓ ನೀರನ್ನೇ ಹಾಕಿದ್ದಾರೆ. ಆನ್‌ಲೈನಿನಲ್ಲಿ ತರಿಸಿದ, ನೀರು ಪರೀಕ್ಷಿಸುವ ಸ್ಟ್ರಿಪ್ ಅದ್ದಿದರೆ ನೈಟ್ರೈಟ್ ಸೊನ್ನೆ, ನೈಟ್ರೇಟ್ ಹದದಲ್ಲಿದೆ, ಕ್ಲೋರಿನ್ ಇಲ್ಲ. ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ, 7 ನಡುಮಟ್ಟ) ಮಾತ್ರ 6.2ರ ಆಸುಪಾಸು. 'ಪಿಎಚ್ ಇಳಿದಿದೆ, ಅರ್ಧ ನೀರು ಬದಲಿಸಿ' ಅನ್ನುವ ಸಲಹೆ ಎಲ್ಲ ಕಡೆಯಿಂದಲೂ ಬರುತ್ತದೆ. ಆರ್‌ಓದಲ್ಲಿ ಅಷ್ಟು ನೀರು ತುಂಬುವಷ್ಟು ತಾಳ್ಮೆ ಯಾರಿಗಿದೆ? ಬೋರ್‌ವೆಲ್ ನೀರು ಸುರಿಯುತ್ತಾರೆ. ರಾತ್ರಿಯೊಳಗೆ ಮೀನುಗಳು ಮೇಲೆ ಬಂದು ಬಾಯಿ ಬಡಿಯಲು ಶುರು, ಬೆಳಿಗ್ಗೆ ತೇಲುತ್ತಿರುತ್ತವೆ. ಆಮೇಲೆ ಬೈಗುಳವೆಲ್ಲ ಬೋರ್‌ವೆಲ್‌ಗೆ.

ಪದೇ ಪದೇ ಕಾಣುವ ಈ ಸಾವಿನಲ್ಲಿ ಬೋರ್‌ವೆಲ್ ನೀರಿನದು ಅರ್ಧ ಪಾತ್ರ ಮಾತ್ರ. ಮೀನು ಕೊಂದದ್ದು ಅಮೋನಿಯಾ. ಆ ಸ್ಟ್ರಿಪ್‌ನಲ್ಲಿ ಅಮೋನಿಯಾದ ಚೌಕವೇ ಇರಲಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು 'ಒಂದರಲ್ಲಿ ಆರು', 'ಒಂದರಲ್ಲಿ ಒಂಬತ್ತು' ಸ್ಟ್ರಿಪ್‌ಗಳ ಕಥೆಯೂ ಇಷ್ಟೇ: ಪಿಎಚ್, ಕೆಎಚ್ (ಪಿಎಚ್ ಕುಸಿಯದಂತೆ ಹಿಡಿದಿಡುವ ಕ್ಷಾರ), ಜಿಎಚ್ (ನೀರಿನ ಗಡಸುತನ), ನೈಟ್ರೈಟ್, ನೈಟ್ರೇಟ್, ಕ್ಲೋರಿನ್ ಎಲ್ಲ ಇರುತ್ತವೆ, ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇರುವುದಿಲ್ಲ. ಡಬ್ಬಿಯ ಮೇಲೆ ಸಂಖ್ಯೆ ದೊಡ್ಡದಿದ್ದಷ್ಟೂ ಜನ ಮರುಳಾಗುತ್ತಾರೆ. ಡಬ್ಬಿಯ ಹಿಂಬದಿ ತಿರುಗಿಸಿ, ಯಾವ ಯಾವ ಚೌಕ ಅಂತ ಓದಿ.

ಒಳಗೆ ಆದದ್ದೇನು? ಮೀನಿನ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡಿ, ಅಲ್ಲಿಂದ ನೈಟ್ರೇಟ್ ಮಾಡುತ್ತವೆ. ಈ ಕೆಲಸಕ್ಕೆ ನೀರಿನ ಕ್ಷಾರ, ಅಂದರೆ ಕೆಎಚ್, ಖರ್ಚಾಗುತ್ತದೆ. ಸಾರಜನಕದ ಲೆಕ್ಕದಲ್ಲಿ 1 ಪಿಪಿಎಂ (ಲೀಟರಿಗೆ ಒಂದು ಮಿಲಿಗ್ರಾಂ) ಅಮೋನಿಯಾ ಕರಗಿಸಲು ಸುಮಾರು 7 ಪಿಪಿಎಂ ಕ್ಷಾರ, ಹತ್ತಿರ ಹತ್ತಿರ 0.4 ಡಿಗ್ರಿ ಕೆಎಚ್ ಹೋಗುತ್ತದೆ. ಆರ್‌ಓ ನೀರಿನಲ್ಲಿ ಕೆಎಚ್ ಮೊದಲೇ ಇಲ್ಲದಂತೆ. ಅದು ಮುಗಿದಾಗ ಪಿಎಚ್ ಕುಸಿಯುತ್ತದೆ, 6.5ಕ್ಕಿಂತ ಕೆಳಗೆ ಬ್ಯಾಕ್ಟೀರಿಯಾದ ಕೆಲಸ ನಿಧಾನವಾಗುತ್ತಾ ನಿಂತೇ ಹೋಗುತ್ತದೆ. ನೈಟ್ರೈಟ್ ಸೊನ್ನೆ ತೋರಿಸಿದ್ದು ಫಿಲ್ಟರ್ ಚೆನ್ನಾಗಿದೆ ಅಂತಲ್ಲ, ಮೊದಲ ಹಂತವೇ ನಿಂತಿದ್ದಕ್ಕೆ.

ಹುಳಿ ನೀರಿನಲ್ಲಿ ಅಮೋನಿಯಾ ಹೆಚ್ಚುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅದು ಮೀನಿಗೆ ಅಷ್ಟು ಬಾಧಿಸದು. 25 ಡಿಗ್ರಿ ಉಷ್ಣತೆಯಲ್ಲಿ, ಪಿಎಚ್ 6.2 ಇದ್ದಾಗ ವಿಷರೂಪದ ಪಾಲು ಶೇ. 0.1ಕ್ಕೂ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಅದು ಶೇ. 5ನ್ನು ದಾಟುತ್ತದೆ. ಒಟ್ಟು 4 ಪಿಪಿಎಂ ಇದ್ದ ಟ್ಯಾಂಕಿಗೆ ಕ್ಷಾರ ಜಾಸ್ತಿ ಇರುವ ಬೋರ್‌ವೆಲ್ ನೀರು ಅರ್ಧ ಹಾಕಿದರೆ ಒಟ್ಟು 2ಕ್ಕೆ ಇಳಿಯುತ್ತದೆ, ಆದರೆ ವಿಷರೂಪದ ಅಮೋನಿಯಾ 0.004 ಪಿಪಿಎಂನಿಂದ 0.1 ಪಿಪಿಎಂಗೆ, ಇಪ್ಪತ್ತೈದು ಪಟ್ಟು ಏರುತ್ತದೆ. ಅದೂ ಒಂದೇ ಗಂಟೆಯಲ್ಲಿ.

ಹಾಗಾಗಿ ದುಡ್ಡು ಎರಡೇ ಕಿಟ್‌ಗೆ ಇದ್ದರೆ ಅಮೋನಿಯಾದ ಡ್ರಾಪ್ ಕಿಟ್ (ಟ್ಯೂಬಿನ ನೀರಿಗೆ ಹನಿ ಹಾಕಿ ಬಣ್ಣ ನೋಡುವಂಥದು) ಮತ್ತು ಕೆಎಚ್ ಕಿಟ್ ಕೊಳ್ಳಿ. ಎಪಿಐ ಕಂಪನಿಯ ಫ್ರೆಶ್‌ವಾಟರ್ ಮಾಸ್ಟರ್ ಕಿಟ್‌ನಲ್ಲಿ ಪಿಎಚ್, ಹೈ ರೇಂಜ್ ಪಿಎಚ್, ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಬರುತ್ತವೆ, ಕೆಎಚ್ ಬರುವುದಿಲ್ಲ. ಅದನ್ನು ಬೇರೆಯಾಗಿ ಕೊಳ್ಳಬೇಕು. ಅಮೋನಿಯಾ ಕಿಟ್‌ನಲ್ಲೂ ಎರಡು ಜಾತಿ. ಹಳದಿಯಿಂದ ಹಸಿರಿಗೆ ತಿರುಗುವುದು ಸ್ಯಾಲಿಸಿಲೇಟ್ ವಿಧಾನ. ಹಳದಿಯಿಂದ ಕಂದು-ಕಿತ್ತಳೆಗೆ ಹೋಗುವ ಒಂದೇ ಬಾಟಲಿಯದು ಸಾಮಾನ್ಯವಾಗಿ ನೆಸ್ಲರ್ ವಿಧಾನ. ಅದರಲ್ಲಿ ಪಾದರಸವಿದೆ, ಮೇಲಾಗಿ ಕ್ಲೋರಿನ್ ತೆಗೆಯುವ ಕೆಲವು ದ್ರಾವಣಗಳು ಅದಕ್ಕೆ ಸುಳ್ಳು ಬಣ್ಣ ಕೊಡುತ್ತವೆ. ಸ್ಯಾಲಿಸಿಲೇಟ್‌ದೇ ಕೇಳಿ ತನ್ನಿ.

ಕೆಎಚ್ ಪರೀಕ್ಷೆ ಸುಲಭ: 5 ಎಂಎಲ್ ನೀರಿಗೆ ಒಂದೊಂದೇ ಹನಿ ಹಾಕಿ ಅಲುಗಿಸುತ್ತಾ, ನೀಲಿ ಹೋಗಿ ಹಳದಿಯಾಗುವವರೆಗೆ ಎಣಿಸಬೇಕು. ಒಂದು ಹನಿಗೆ ಒಂದು ಡಿಗ್ರಿ. ಮೊದಲ ಹನಿಗೇ ಹಳದಿಯಾದರೆ 10 ಎಂಎಲ್ ತೆಗೆದುಕೊಳ್ಳಿ, ಆಗ ಹನಿಗೆ ಅರ್ಧ ಡಿಗ್ರಿ. ಎರಡು ಡಿಗ್ರಿಗಿಂತ ಕೆಳಗೆ ಬಂತೆಂದರೆ ಪಿಎಚ್ ಕುಸಿತ ದೂರವಿಲ್ಲ.

ಅತಿ ಹೆಚ್ಚು ಎಡವಟ್ಟಾಗುವುದು ನೈಟ್ರೇಟ್ ಪರೀಕ್ಷೆಯಲ್ಲಿ. ಎರಡನೇ ಬಾಟಲಿಯ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ನೈಟ್ರೇಟನ್ನು ನೈಟ್ರೈಟ್‌ಗೆ ಇಳಿಸಿ ಬಣ್ಣ ಬರಿಸುವುದೇ ಆ ಪುಡಿ. ಅಲುಗಿಸದೆ ಹನಿ ಹಾಕಿದರೆ ಟ್ಯೂಬಿಗೆ ಬೀಳುವುದು ಬರೀ ದ್ರವ, 80 ಪಿಪಿಎಂ ಇರುವ ನೀರೂ 5 ಎಂದು ತೋರಿಸುತ್ತದೆ. ಎಪಿಐನಲ್ಲಿ ಕ್ರಮ ಹೀಗೆ: 5 ಎಂಎಲ್ ನೀರಿಗೆ ಮೊದಲ ಬಾಟಲಿಯ 10 ಹನಿ, ಮುಚ್ಚಿ ತಲೆಕೆಳಗು ಮಾಡಿ. ಎರಡನೇ ಬಾಟಲಿಯನ್ನು 30 ಸೆಕೆಂಡು ಜೋರಾಗಿ ಅಲುಗಿಸಿ 10 ಹನಿ. ನಂತರ ಟ್ಯೂಬನ್ನು ಪೂರ್ತಿ ಒಂದು ನಿಮಿಷ ಅಲುಗಿಸಿ, 5 ನಿಮಿಷ ಬಿಟ್ಟು ನೋಡಿ. ಬಾಟಲಿ ತಿಂಗಳುಗಟ್ಟಲೆ ಬೀರುವಿನಲ್ಲಿದ್ದರೆ 30 ಸೆಕೆಂಡು ಸಾಲದು, ಮೊದಲು ತಳವನ್ನು ಮೇಜಿಗೆ ಕುಟ್ಟಿ ಪುಡಿ ಬಿಡಿಸಿ. ನೀರಿನಲ್ಲಿ ನೈಟ್ರೈಟ್ ಇದ್ದರೆ ಅದೂ ನೈಟ್ರೇಟ್ ಆಗಿ ಲೆಕ್ಕಕ್ಕೆ ಬರುತ್ತದೆ, ಹೊಸ ಟ್ಯಾಂಕಿನಲ್ಲಿ ಈ ಅಂಕಿಗೆ ಅರ್ಥವಿಲ್ಲ.

ಬಾಟಲಿಯನ್ನು ನೆಟ್ಟಗೆ ಕೆಳಮುಖ ಹಿಡಿಯಿರಿ, ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ. ಟ್ಯೂಬಿನ ಬಾಯಿಗೆ ಬೆರಳು ಇಡಬೇಡಿ. ಬೆವರಿನಿಂದಲೂ ಅಮೋನಿಯಾ ಬರುತ್ತದೆ, ದ್ರಾವಣಗಳಲ್ಲಿ ಚರ್ಮ ಸುಡುವ ಕ್ಷಾರ, ಆಮ್ಲ ಇವೆ. ಬಣ್ಣವನ್ನು ಹಗಲಿನಲ್ಲಿ ಕಿಟಕಿ ಪಕ್ಕ, ಬಿಳಿ ಕಾಗದದ ಮುಂದೆ ನೋಡಿ. ಹಳದಿ ಬಲ್ಬಿನ ಕೆಳಗೆ ಸೊನ್ನೆಗೂ 0.25ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಕರಾವಳಿಯವರಿಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ಸ್ಟ್ರಿಪ್ ಡಬ್ಬಿಯ ಮುಚ್ಚಳ ಎರಡು ಸಲ ತೆಗೆದರೆ ಸಾಕು, ತೇವ ಹೀರಿ ಚೌಕಗಳು ಅದ್ದುವ ಮೊದಲೇ ಬಣ್ಣ ಕಟ್ಟುತ್ತವೆ.

ಕಿಟ್ ಮೇಲೆ ಅನುಮಾನ ಬಂದರೆ ತಿಳಿದ ನೀರು ಮಾಡಿಕೊಂಡು ಪರೀಕ್ಷಿಸಿ. ಗೊಬ್ಬರದ ಅಂಗಡಿಯಲ್ಲಿ ಡ್ರಿಪ್‌ಗೆ ಮಾರುವ 13:0:45 ಅಂದರೆ ಪೊಟ್ಯಾಸಿಯಂ ನೈಟ್ರೇಟ್. ಅಡುಗೆಮನೆಯ ತಕ್ಕಡಿಯಲ್ಲಿ 17 ಗ್ರಾಂ ತೂಗಿ ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿದರೆ ಸುಮಾರು 10,000 ಪಿಪಿಎಂ ನೈಟ್ರೇಟ್. ಸಿರಿಂಜಿನಲ್ಲಿ ಇದರ 2 ಎಂಎಲ್ ತೆಗೆದು ಇನ್ನೊಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಹಾಕಿದರೆ 20 ಪಿಪಿಎಂ. ಕಿಟ್ 20ರ ಆಸುಪಾಸು ತೋರಿಸದೆ 5 ತೋರಿಸಿದರೆ ಬಿಸಾಡಿ. ಕಿಟ್‌ನ ಬಣ್ಣದ ಕಾರ್ಡಿನ ಅಂಕಿ ನೈಟ್ರೇಟ್‌ದೋ, ನೈಟ್ರೇಟ್-ಸಾರಜನಕದ್ದೋ ಅನ್ನುವುದನ್ನೂ ಮೊದಲೇ ಓದಿಕೊಳ್ಳಿ, ಎರಡನೆಯದಾದರೆ 4.4ರಿಂದ ಗುಣಿಸಬೇಕು, 20ರ ನೀರಿಗೆ ಅದು 4.5 ತೋರಿಸುವುದೇ ಸರಿ.

ಪಿಎಚ್ ಕುಸಿದು ಅಮೋನಿಯಾ ತುಂಬಿದ ಟ್ಯಾಂಕ್ ನಿಮ್ಮಲ್ಲಿ ಈಗಾಗಲೇ ಇದ್ದರೆ ಗಾಬರಿಯಲ್ಲಿ ಬೋರ್‌ವೆಲ್ ನೀರು ಸುರಿಯಬೇಡಿ. ಎರಡು ದಿನ ಆಹಾರ ನಿಲ್ಲಿಸಿ. ದಿನಕ್ಕೆ 10ನೇ ಒಂದು ಪಾಲು ನೀರನ್ನು ಅದೇ ಆರ್‌ಓ ನೀರಿನಿಂದಲೇ ಬದಲಿಸುತ್ತಾ, ಪ್ರತಿದಿನ ಅಮೋನಿಯಾ ನೋಡುತ್ತಾ ಬನ್ನಿ. ಅದು 0.5ರ ಕೆಳಗೆ ಇಳಿದ ಮೇಲಷ್ಟೇ ಅಡುಗೆ ಸೋಡಾ: 100 ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ ಒಂದು ಡಿಗ್ರಿ ಏರುತ್ತದೆ. ದಿನಕ್ಕೆ ಅಷ್ಟೇ, ಲೋಟದಲ್ಲಿ ಕರಗಿಸಿ ಫಿಲ್ಟರಿನ ಬಾಯಿಗೆ ನಿಧಾನಕ್ಕೆ ಹನಿಸಿ. ಕೆಎಚ್ 4ಕ್ಕೆ ಬರುವವರೆಗೆ ಹೀಗೇ ಮುಂದುವರಿಸಿ.