ಒನಕೆಯಂಥ ಸಾಮಾನು: ಫೋಮ್ ರೋಲರ್ ಜೊತೆ ಐದು ತಿಂಗಳು

ಪಾರ್ಸೆಲ್ ಬಿಚ್ಚಿದಾಗ ಅತ್ತೆ ಪಕ್ಕದಲ್ಲೇ ಕೂತು ಹುರುಳಿಕಾಯಿ ನಾರು ಬಿಡಿಸುತ್ತಿದ್ದರು. "ಇದೇನಮ್ಮ ಇದು, ಒನಕೆ ಹಾಗಿದೆ?" ಅಂದರು. ಓಡಿ ಬಂದ ಮೇಲೆ ಕಾಲಿಗೆ ಉರುಳಿಸಿಕೊಳ್ಳೋದು ಅಂದೆ. "ಅದಕ್ಕೆ ಮನೇಲಿ ಹರಳೆಣ್ಣೆ ಇರಲಿಲ್ವಾ?" ಅಂದರು. ಬೆಲೆ ಕೇಳಿದರು, ಇನ್ನೂರು ರೂಪಾಯಿ ಅಂದೆ. ನಿಜವಾದ ಬೆಲೆ 549. ಅದಾದ ಮೇಲೆ ತಂದ ಇನ್ನೊಂದಕ್ಕೆ 1,199 ಕೊಟ್ಟದ್ದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಎರಡನೆಯದೂ ಇನ್ನೂರೇ ಅಂದುಕೊಂಡಿದ್ದಾರೆ.

ನನಗೆ ನಲವತ್ನಾಲ್ಕು ವರ್ಷ. ಮೈಸೂರಿನ ಸರಸ್ವತಿಪುರಂನಲ್ಲಿ ಮನೆ, ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನಲವತ್ತಕ್ಕೆ ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ಶುರು ಮಾಡಿದೆ. ನಡಿಗೆ ಯಾವಾಗ ಓಟ ಆಯಿತೋ ಸರಿಯಾಗಿ ನೆನಪಿಲ್ಲ. ಬೆಂಗಳೂರಿನ 10ಕೆ, ಅಂದರೆ ಹತ್ತು ಕಿಲೋಮೀಟರ್ ಓಟ ಓಡಿದೆ, ಎರಡು ಹಾಫ್ ಮ್ಯಾರಥಾನ್ ಓಡಿದೆ. ಆಮೇಲೆ ತಲೆ ಕೆಟ್ಟು 2024ರ ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟೆ. ಪೂರ್ತಿ 42.195 ಕಿಲೋಮೀಟರ್. ಸೆಪ್ಟೆಂಬರ್‌ನಿಂದ ತಯಾರಿ. ಓಡುವವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಮೇಡಂ, ರೋಲರ್ ತಗೊಳ್ಳಿ, ರಿಕವರಿ ಚೆನ್ನಾಗಾಗುತ್ತೆ." ಹಾಗೆ ತಗೊಂಡದ್ದು. ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ಆಕಾರದ್ದನ್ನು ಹತ್ತಾರು ಕಂಪನಿಗಳು ಮಾಡುತ್ತವೆ, ನಾನು ಹೇಳೋದು ಎಲ್ಲದಕ್ಕೂ ಒಂದೇ.

ಮೊದಲನೆಯದು ಬಿಳಿ ಬಣ್ಣದ್ದು. ಟಿವಿ ಡಬ್ಬದೊಳಗೆ ಪ್ಯಾಕಿಂಗ್‌ಗೆ ಹಾಕಿರುತ್ತಾರಲ್ಲ, ಆ ಜಾತಿಯ ಹಗುರ ಸ್ಪಂಜು. ನಲವತ್ತೈದು ಸೆಂಟಿಮೀಟರ್ ಉದ್ದ, ನುಣುಪು, ಒಳಗೆ ಪೊಳ್ಳಿಲ್ಲ. ಎರಡು ವಾರ ಚೆನ್ನಾಗಿತ್ತು. ಆರನೇ ವಾರಕ್ಕೆ ನಡುವೆ ತಗ್ಗು ಬಿತ್ತು, ನಮ್ಮ ಹಳೇ ಸೋಫಾ ಹಾಗೆ. ಅರವತ್ತೆರಡು ಕೆಜಿ ತೂಕವನ್ನು ದಿನಾ ತಡೆಯುವ ಶಕ್ತಿ ಅದಕ್ಕೆ ಇಲ್ಲ. ಮಾರಿದವರಿಗೆ ಫೋಟೋ ಕಳಿಸಿದೆ. ವಾಪಸ್ ಕೊಡುವ ಹತ್ತು ದಿನ ಮುಗಿದಿದೆ ಅಂದರು. ಸ್ಪಂಜು ಕುಸಿಯೋದು ಹತ್ತು ದಿನದಲ್ಲಿ ಗೊತ್ತಾಗುತ್ತಾ, ನೀವೇ ಹೇಳಿ.

ಎರಡನೆಯದು ಕಪ್ಪು. ಒಳಗೆ ಪಿವಿಸಿ ಪೈಪಿನಂಥ ಗಟ್ಟಿ ಕೊಳವೆ, ಹೊರಗೆ ಇವಿಎ ಅನ್ನುವ ರಬ್ಬರಿನಂಥ ಫೋಮ್ ಹೊದಿಕೆ. ಅದರ ಮೇಲೆ ಉಬ್ಬು ತಗ್ಗು, ಒಂದು ಕಡೆ ಬೆರಳಿನ ಹಾಗೆ, ಇನ್ನೊಂದು ಕಡೆ ಅಂಗೈ ಹಾಗೆ ಅಂತೆ. ನನಗೆ ಎರಡೂ ಒಂದೇ ಥರ ನೋಯಿಸಿತು. ಉದ್ದ ಮೂವತ್ಮೂರು ಸೆಂಟಿಮೀಟರ್ ಮಾತ್ರ. ಮೀನಖಂಡಕ್ಕೆ, ತೊಡೆಗೆ ಸಾಕು. ಬೆನ್ನಿಗೆ ಸಾಲದು, ಭುಜ ಜಾರಿ ಕೆಳಗೆ ಬೀಳುತ್ತದೆ. ಮೊದಲ ವಾರ ಕೋಣೆಯೆಲ್ಲ ಹೊಸ ಟಯರ್ ಅಂಗಡಿ ವಾಸನೆ. ನಮ್ಮದು ರೆಡ್ ಆಕ್ಸೈಡ್ ನೆಲ, ಅದರ ಮೇಲೆ ಇದು ಹಿಡಿತವಿಲ್ಲದೆ ಓಡಿಹೋಗುತ್ತದೆ. ಮೊದಲ ದಿನವೇ ನಾನು ಒಂದು ಕಡೆ, ರೋಲರ್ ಒಂದು ಕಡೆ, ಮೊಣಕೈ ಬಾಗಿಲಿನ ಹೊಸ್ತಿಲಿಗೆ ಹೊಡೆಯಿತು. ಯೋಗದ ಮ್ಯಾಟ್ ಹಾಸಿಕೊಂಡರೆ ತೊಂದರೆ ಇಲ್ಲ. ಅಂದರೆ ಮ್ಯಾಟ್ ಇಲ್ಲದವರಿಗೆ ಅದರ ಖರ್ಚು ಬೇರೆ. ಆದರೆ ಐದು ತಿಂಗಳಲ್ಲ, ಐದು ವರ್ಷ ಕಳೆದರೂ ಇದು ಕುಸಿಯುವ ಹಾಗೆ ಕಾಣಲ್ಲ.

ಇನ್ನು ಕೆಲಸದ ವಿಷಯ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ "ಲ್ಯಾಕ್ಟಿಕ್ ಆಸಿಡ್ ಹೊರಹಾಕುತ್ತದೆ" ಅಂತ ಇದೆ. ಇದು ಸುಮ್ನೆ ಮಾತು. ಓಡುವಾಗ ಸ್ನಾಯುವಿನಲ್ಲಿ ಹುಟ್ಟಿ ರಕ್ತಕ್ಕೆ ಸೇರುವ ಈ ಲ್ಯಾಕ್ಟೇಟ್, ನಿಂತ ಒಂದೆರಡು ಗಂಟೆಯಲ್ಲಿ ತಾನಾಗಿಯೇ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ರೋಲರ್ ಕೈಗೆ ತಗೊಳ್ಳೋ ಹೊತ್ತಿಗೆ ಹೊರಹಾಕೋಕೆ ಏನೂ ಉಳಿದಿರಲ್ಲ. ಮಾರನೇ ದಿನದ ನೋವಿಗೆ ಕಾರಣವೇ ಬೇರೆ. ನನಗೆ ಅದು ಅರ್ಥವಾದದ್ದು ಚಾಮುಂಡಿ ಬೆಟ್ಟದಲ್ಲಿ. ಹತ್ತುವಾಗ ಉಸಿರು ಹೋಗುತ್ತದೆ, ಕಾಲು ಹೋಗಲ್ಲ. ಇಳಿಯುವಾಗ ಉಸಿರು ಆರಾಮ, ತೊಡೆ ಹಾಳು. ಇಳಿಜಾರಿನಲ್ಲಿ ತೊಡೆಯ ಸ್ನಾಯು ಎಳೆಸಿಕೊಳ್ಳುತ್ತಲೇ ಬಿಗಿ ಹಿಡಿಯಬೇಕು, ಬ್ರೇಕ್ ಒತ್ತಿಕೊಂಡೇ ಸ್ಕೂಟರ್ ಇಳಿಸಿದ ಹಾಗೆ. ಆಗ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ಅದರ ನೋವು ಅವತ್ತು ಗೊತ್ತಾಗಲ್ಲ. ಒಂದರಿಂದ ಮೂರು ದಿನದ ನಡುವೆ ಜೋರಾಗುತ್ತದೆ. ಭಾನುವಾರ ಬೆಟ್ಟ ಇಳಿದವಳು ಮಂಗಳವಾರ ತರಗತಿಯಲ್ಲಿ ಬಿದ್ದ ಸೀಮೆಸುಣ್ಣ ಎತ್ತಿಕೊಳ್ಳಲಾಗದೆ ಒಬ್ಬ ಹುಡುಗನನ್ನು ಕರೆದೆ.

ಅಂಥ ಮಂಗಳವಾರಗಳಲ್ಲಿ ರೋಲರ್ ಕೆಲಸ ಮಾಡುತ್ತದೆ, ಸುಳ್ಳು ಹೇಳಲ್ಲ. ಒಂದೊಂದು ಜಾಗಕ್ಕೆ ಮುಕ್ಕಾಲು ನಿಮಿಷ, ನಿಧಾನವಾಗಿ, ಉಸಿರು ಬಿಡುತ್ತಾ. ಎದ್ದು ನಿಂತಾಗ ಕಾಲು ಯಾರೋ ಬಿಚ್ಚಿ ಬಿಟ್ಟ ಹಾಗೆ ಹಗುರ. ಆದರೆ ಎಷ್ಟು ಹೊತ್ತು? ನಾನು ಗಡಿಯಾರ ನೋಡಿದ್ದೇನೆ. ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು. ಕಾಲೇಜಿಗೆ ಸ್ಕೂಟರ್ ಹತ್ತಿ ಹೋಗೋಕೆ ಸಾಕು, ಮೂರನೇ ಪೀರಿಯಡ್‌ಗೆ ಮತ್ತೆ ಅದೇ ಕಥೆ.

ನವೆಂಬರ್‌ನಲ್ಲಿ ದೊಡ್ಡ ತಪ್ಪು ಮಾಡಿದೆ. ಒಂಬತ್ತನೇ ಕಿಲೋಮೀಟರ್ ದಾಟಿದ ತಕ್ಷಣ ಬಲಗಾಲ ಮಂಡಿಯ ಹೊರಪಕ್ಕ ಚಾಕು ಹಾಕಿದ ಹಾಗೆ ನೋವು. ನಿಂತರೆ ಇಲ್ಲ, ಓಡಿದರೆ ಉಂಟು. ಓಡುವವರಿಗೆ ಇದು ಗೊತ್ತಿರುತ್ತದೆ, ಐಟಿ ಬ್ಯಾಂಡ್. ಸೊಂಟದ ಪಕ್ಕದಿಂದ ಮಂಡಿಯ ಕೆಳಗಿನವರೆಗೆ ಬರುವ ದಪ್ಪ ಪಟ್ಟಿ. ವಿಡಿಯೋದಲ್ಲಿ ಒಬ್ಬ ದಾಂಡಿಗ ಅದರ ಮೇಲೆ ರೋಲರ್ ಹಾಕಿ ಉಜ್ಜುತ್ತಿದ್ದ. ನಾನೂ ಹತ್ತು ದಿನ ಉಜ್ಜಿದೆ. ಕಣ್ಣಲ್ಲಿ ನೀರು ಬರುತ್ತಿತ್ತು. ನೋಯುತ್ತಿದೆ ಅಂದರೆ ಗುಣ ಆಗುತ್ತಿದೆ ಅಂದುಕೊಂಡೆ. ತೊಡೆ ಪಕ್ಕ ನೀಲಿಗಟ್ಟಿತು, ಮಂಡಿ ನೋವು ಒಂದು ಚೂರೂ ಕಡಿಮೆ ಆಗಲಿಲ್ಲ.

ಕೊನೆಗೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಹುಡುಗಿ. ನೀಲಿ ಗುರುತು ನೋಡಿ ನಕ್ಕಳು. "ಮೇಡಂ, ಅದು ಸ್ನಾಯು ಅಲ್ಲ. ಸೀಟ್ ಬೆಲ್ಟ್ ಥರ ಪಟ್ಟಿ. ಎಷ್ಟು ಒತ್ತಿದರೂ ಉದ್ದ ಆಗಲ್ಲ" ಅಂದಳು. ತೊಂದರೆ ಇರೋದು ಮೇಲೆ, ಸೊಂಟದ ಪಕ್ಕದ ಸ್ನಾಯುವಿಗೆ ಬಲ ಇಲ್ಲ ಅಂತ ತೋರಿಸಿಕೊಟ್ಟಳು. ಒಂಟಿ ಕಾಲಲ್ಲಿ ನಿಲ್ಲಿಸಿದಳು, ನಾನು ಬಳ್ಳಿ ಹಾಗೆ ವಾಲಿದೆ. ಪಕ್ಕಕ್ಕೆ ಮಲಗಿ ಕಾಲೆತ್ತುವುದು, ಒಂದು ಕಾಲಿನ ಮೇಲೆ ಅರ್ಧ ಕೂತೇಳುವುದು, ಸ್ವಲ್ಪ ದಿನ ಬೆಟ್ಟ ಇಳಿಯುವ ಓಟ ಬಂದ್. ಐದು ವಾರದಲ್ಲಿ ಸರಿಹೋಯಿತು. ಫೀಸು ಆರುನೂರು. ಮೊದಲೇ ಹೋಗಿದ್ದರೆ ಹತ್ತು ದಿನದ ಕಣ್ಣೀರು ಉಳಿಯುತ್ತಿತ್ತು. ರೋಲರ್ ಡಬ್ಬದೊಳಗಿನ ಚಿತ್ರಪಟದಲ್ಲಿ ಐಟಿ ಬ್ಯಾಂಡ್ ಮೇಲೆ ಮಲಗಿದ ಚಿತ್ರವೇ ಮೊದಲನೆಯದು, ಅದೊಂದು ಬೇಜಾರು.

ಹಾಗಾದರೆ ಈ ಸಾಮಾನು ಯಾತಕ್ಕೆ? ನನಗೆ ಅದರ ಉಪಯೋಗ ಗೊತ್ತಾದದ್ದು ಡಿಸೆಂಬರ್‌ನ ಒಂದು ಶನಿವಾರ ರಾತ್ರಿ. ಮಾರನೇ ದಿನ ಇಪ್ಪತ್ತೆಂಟು ಕಿಲೋಮೀಟರ್ ಓಡಬೇಕಿತ್ತು. ಕುಕ್ಕರಹಳ್ಳಿ ಕೆರೆ ನನ್ನ ಗಡಿಯಾರದಲ್ಲಿ ಒಂದು ಸುತ್ತಿಗೆ ನಾಲ್ಕೂವರೆ ಆಸುಪಾಸು ತೋರಿಸುತ್ತದೆ, ಅಂದರೆ ಆರು ಸುತ್ತು ಮೇಲೆ ಸ್ವಲ್ಪ. (ಆರನೇ ಸುತ್ತಿಗೆ ಹೆಜ್ಜಾರ್ಲೆಗಳೂ ನನ್ನ ಗುರುತು ಹಿಡಿದ ಹಾಗೆ ನೋಡುತ್ತವೆ.) ಮಲಗುವ ಮುಂಚೆ ಸುಮ್ನೆ ಎರಡೂ ಮೀನಖಂಡ ಉರುಳಿಸಿದೆ. ಬಲಗಾಲು ಸಲೀಸಾಗಿ ಹೋಯಿತು. ಎಡಗಾಲಲ್ಲಿ ಒಂದು ಕಡೆ ಗೋಲಿ ಗಾತ್ರದ ಗಂಟು, ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು. ನಡೆಯುವಾಗ ಏನೂ ಗೊತ್ತಾಗಿರಲಿಲ್ಲ. ಮಾರನೇ ದಿನ ಓಡಲಿಲ್ಲ. ಮನೆಯವರ ಜೊತೆ ನಡೆದು ಬಂದು ಇಡ್ಲಿ ತಿಂದೆ. ಮೂರು ದಿನಕ್ಕೆ ಗಂಟು ಕರಗಿತು, ಮುಂದಿನ ಭಾನುವಾರ ಆ ಇಪ್ಪತ್ತೆಂಟನ್ನು ಓಡಿದೆ. ಅವತ್ತೇ ಓಡಿದ್ದರೆ ಸ್ನಾಯು ಹರಿಯುತ್ತಿತ್ತು ಅಂತ ಸಾಧಿಸಲು ನನ್ನ ಹತ್ತಿರ ಲೆಕ್ಕ ಇಲ್ಲ. ಆದರೆ ಅವತ್ತಿಂದ ರೋಲರನ್ನು ಔಷಧಿ ಹಾಗೆ ನೋಡೋದು ಬಿಟ್ಟೆ, ಥರ್ಮಾಮೀಟರ್ ಹಾಗೆ ಬಳಸುತ್ತೇನೆ. ದಿನಾ ರಾತ್ರಿ ಐದು ನಿಮಿಷ, ಎಡ ಬಲ ಹೋಲಿಸಿ ನೋಡೋದು, ಅಷ್ಟೇ. ಜೋರಾಗಿ ಒತ್ತೋದು ಇಲ್ಲ.

ಮುಂಬೈಗೆ ಅದನ್ನು ಹೊತ್ತುಕೊಂಡು ಹೋಗಲಿಲ್ಲ. ಒಳಗಿನ ಪೊಳ್ಳಿನಲ್ಲಿ ಕಾಲುಚೀಲ, ಕಡಲೆಕಾಯಿ ಚಿಕ್ಕಿ ಎಲ್ಲ ತುರುಕಬಹುದು ಅಂತ ಮಗಳು ತೋರಿಸಿದಳು. ಆದರೂ ಬ್ಯಾಗಿನ ಅರ್ಧ ಅದೇ ತಿನ್ನುತ್ತಿತ್ತು. ಮಾಟುಂಗಾದಲ್ಲಿ ಚಿಕ್ಕಮ್ಮನ ಮಗಳ ಮನೆಯಲ್ಲಿ ಉಳಿದೆ. ಓಟದ ಹಿಂದಿನ ರಾತ್ರಿ ಅಡುಗೆಮನೆಯಿಂದ ಲಟ್ಟಣಿಗೆ ತಂದು ಮೀನಖಂಡ, ತೊಡೆಯ ಮುಂಭಾಗ ಉರುಳಿಸಿಕೊಂಡೆ. ಏನು ಹೇಳಲಿ, 1,199 ರೂಪಾಯಿಯ ಕೆಲಸದ ಮುಕ್ಕಾಲು ಪಾಲು ಅದೇ ಮಾಡಿತು. ಒತ್ತಡ ಕೈಯಲ್ಲೇ ಇರುತ್ತದೆ, ನೆಲದ ಮೇಲೆ ಹೊರಳಾಡಬೇಕಿಲ್ಲ. ತೊಡೆಯ ಹಿಂಭಾಗಕ್ಕೆ, ಪಿರ್ರೆಗೆ ಮಾತ್ರ ಆಗಲ್ಲ, ಅಲ್ಲಿ ಮೈಭಾರ ಬೇಕು. ತಂಗಿ ಬಾಗಿಲಲ್ಲಿ ನಿಂತು ನೋಡಿ, "ಅಕ್ಕ, ಅದನ್ನ ಸೋಪು ಹಾಕಿ ತೊಳೆದಿಡು, ಬೆಳಗ್ಗೆ ಚಪಾತಿ ಮಾಡಬೇಕು" ಅಂದಳು.

ಓಟದ ಬಗ್ಗೆ ಜಾಸ್ತಿ ಬರೆಯಲ್ಲ. ಕತ್ತಲಲ್ಲೇ ಸಿಎಸ್‌ಎಂಟಿ ರೈಲು ನಿಲ್ದಾಣದ ಮುಂದೆ ಶುರು. ಸಮುದ್ರದ ಮೇಲಿನ ಸೇತುವೆ ಸೀ ಲಿಂಕ್ ಮೇಲೆ ಗಾಳಿ ಚೆನ್ನಾಗಿತ್ತು, ಇಳಿದ ಮೇಲೆ ಸೆಕೆ ಹಿಡಿಯಿತು. ಮೈಸೂರಿನ ಜನವರಿ ಚಳಿಗೆ ಒಗ್ಗಿದ ಮೈ ಅದು. ದಾರಿಯುದ್ದಕ್ಕೂ ಮನೆಮನೆಯವರು ಕಿತ್ತಳೆ ತೊಳೆ, ಬಿಸ್ಕತ್ತು, ಉಪ್ಪು ಹಿಡಿದು ನಿಂತಿದ್ದರು. ಪೆಡ್ಡರ್ ರಸ್ತೆಯ ಏರು ಹೋಗುವಾಗ ಗೊತ್ತೇ ಆಗಲಿಲ್ಲ. ಬರುವಾಗ, ಮೂವತ್ತೈದು ದಾಟಿದ ಕಾಲಿಗೆ, ಅದೇ ಏರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಆಯಿತು. ಅಲ್ಲಿ ಪೂರ್ತಿ ನಡೆದೆ. ಐದು ಗಂಟೆ ಹದಿನೆಂಟು ನಿಮಿಷ. ಐದು ಗಂಟೆ ಒಳಗೆ ಮುಗಿಸುವ ಆಸೆ ಇತ್ತು. ಐಟಿ ಬ್ಯಾಂಡ್ ಒಂದು ಸಲವೂ ಮಾತಾಡಲಿಲ್ಲ, ಅದರ ಪುಣ್ಯ ಫಿಸಿಯೋ ಹುಡುಗಿಗೆ.

ಮಾರನೇ ದಿನ ಮಾಟುಂಗಾ ಸ್ಟೇಷನ್ ಮೆಟ್ಟಿಲನ್ನು ಕಂಬಿ ಹಿಡಿದು ಹಿಮ್ಮುಖವಾಗಿ ಇಳಿದೆ. ಒಬ್ಬರು ಅಜ್ಜಿ ನನ್ನನ್ನು ದಾಟಿ ಹೋದರು. ಮನೆ ಸೇರಿದ ಮೇಲೆ ಕಪ್ಪು ರೋಲರ್ ಮೇಲೆ ತೊಡೆ ಇಟ್ಟರೆ ಕೂಗಿಕೊಳ್ಳುವ ಹಾಗಾಯಿತು. ಪೆಟ್ಟು ಬಿದ್ದ ಜಾಗವನ್ನು ಮತ್ತೆ ಕುಟ್ಟುವುದು ಬುದ್ಧಿವಂತಿಕೆ ಅಲ್ಲ ಅನ್ನಿಸಿ ಪಕ್ಕಕ್ಕಿಟ್ಟೆ. ಎರಡು ದಿನ ನಡೆದೆ, ಮಲಗಿದೆ, ಅತ್ತೆ ಹರಳೆಣ್ಣೆ ಬಿಸಿ ಮಾಡಿ ಕೊಟ್ಟರು. ಅದು ರೋಲರ್‌ಗಿಂತ ಕಡಿಮೆ ಏನೂ ಮಾಡಲಿಲ್ಲ.

ಆ ದಿನಗಳಲ್ಲಿ ಕೂತು ಓದಿದೆ. 2019ರಲ್ಲಿ ಜರ್ಮನಿಯ ಸಂಶೋಧಕರು ರೋಲರ್ ಬಗ್ಗೆ ಅದುವರೆಗೆ ಬಂದಿದ್ದ 21 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ಲೆಕ್ಕ ಮಾಡಿದ್ದಾರೆ. ವ್ಯಾಯಾಮದ ನಂತರ ಉರುಳಿಸಿದರೆ ನೋವಿನಲ್ಲಿ ಸಿಗುವ ಲಾಭ ಶೇಕಡಾ 6ರಷ್ಟು. ಮುಂಚೆ ಉರುಳಿಸಿದರೆ ಮೈ ಬಾಗುವುದು ಶೇಕಡಾ 4ರಷ್ಟು ಹೆಚ್ಚು. ರಿಕವರಿಗಿಂತ ವಾರ್ಮಪ್‌ಗೆ ಬಳಸುವುದೇ ಸರಿ ಅನ್ನುವುದು ಅವರ ಅಭಿಪ್ರಾಯ. ನೂರಕ್ಕೆ ಆರು ಅಂಕ ತಗೊಂಡ ವಿದ್ಯಾರ್ಥಿಯನ್ನು ನಾನು ಪಾಸು ಮಾಡಲ್ಲ. ಆದರೆ ಮಂಗಳವಾರ ಬೆಳಗ್ಗೆ ಸ್ಕೂಟರ್ ಹತ್ತಬೇಕಾದವಳಿಗೆ ಆ ಆರೂ ಬೇಕು.

ಎದುರು ಮನೆ ಹುಡುಗನ ಹತ್ತಿರ ನಾಲ್ಕು ಸಾವಿರದ ಮಸಾಜ್ ಗನ್ ಇದೆ. ಎರಡು ಸಲ ಹಿಡಿದು ನೋಡಿದೆ. ಮಿಕ್ಸಿ ಸದ್ದು, ಆಟದ ಸಾಮಾನು. ಅಂಗಾಲಿಗೆ ಮಾತ್ರ ಇವೆಲ್ಲಕ್ಕಿಂತ ಹಳೇ ಟೆನಿಸ್ ಚೆಂಡು ಮೇಲು, ಪೇಪರ್ ತಿದ್ದುವಾಗ ಮೇಜಿನ ಕೆಳಗೆ ಹಾಕಿಕೊಂಡರೆ ಯಾರಿಗೂ ಕಾಣಲ್ಲ.

ಕಪ್ಪು ರೋಲರ್‌ಗೆ ಐದಕ್ಕೆ ಮೂರು ನಕ್ಷತ್ರ ಕೊಡುತ್ತೇನೆ. ವಾರಕ್ಕೆ ಇಪ್ಪತ್ತು ಕಿಲೋಮೀಟರ್ ಒಳಗೆ ಓಡುವವರು ತಗೊಳ್ಳಬೇಡಿ, ಮನೆಯ ಲಟ್ಟಣಿಗೆ ಸಾಕು, ತೊಳೆದಿಡಿ. ಫುಲ್ ಮ್ಯಾರಥಾನ್‌ಗೆ ತಯಾರಾಗುವವರು ತಗೊಳ್ಳಿ, ಆದರೆ ಅದಕ್ಕೂ ಮುಂಚೆ ಫಿಸಿಯೋಗೆ ಅಂತ ಆರುನೂರು ತೆಗೆದಿಡಿ.

ಬಿಳಿಯದಕ್ಕೆ ನಾನು ಒಂದು ನಕ್ಷತ್ರ ಕೊಡುವವಳಿದ್ದೆ. ಆದರೆ ಅದು ಈಗ ಅತ್ತೆಯ ಹತ್ತಿರ ಇದೆ. ಸಂಜೆ ಧಾರಾವಾಹಿ ಹೊತ್ತಿಗೆ ದಿವಾನದ ಮೇಲೆ ಕಾಲು ಚಾಚಿ, ಮಂಡಿ ಕೆಳಗೆ ಅದನ್ನು ಇಟ್ಟುಕೊಳ್ಳುತ್ತಾರೆ. ನಡುವಿನ ತಗ್ಗು ಸರಿಯಾಗಿ ಅವರ ಮಂಡಿಗೆ ಕೂರುತ್ತದಂತೆ. ಮೊನ್ನೆ ಪಕ್ಕದ ಮನೆಯವರು ಬಂದು ಇದೆಲ್ಲಿ ಸಿಗುತ್ತೆ ಅಂತ ಕೇಳಿದರು. "ಇನ್ನೂರೇ ರೂಪಾಯಿ, ನನ್ನ ಸೊಸೆ ತರಿಸಿಕೊಡ್ತಾಳೆ" ಅಂದುಬಿಟ್ಟಿದ್ದಾರೆ. ಮೂರು ಜನ ದುಡ್ಡು ಕೊಟ್ಟು ಹೋಗಿದ್ದಾರೆ.